ತಳಿ ತಳಿರ್ತ ಬಗೆ

ಕೋಲಾರದ ಕಡೆ ಕಿವಿಗೊಟ್ಟು ಒಂದು ಸುತ್ತು ಬಂದರೆ ನಮ್ಮಂಥ ಪದಪ್ರಿಯರಿಗೆ ಎರಡಕ್ಷರದ ಒಂದು ಮಾತು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆಗೆ ಕೊಡುವ ಚೀಲದ ಮೇಲೆ ರಾಗಿಯ ‘ಜಿ.ಪಿ.ಯು. 28 ತಳಿ’, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ‘ದ್ವಿತಳಿ’ಗೊಂದು ದರ ‘ಮಿಶ್ರತಳಿ’ಗೊಂದು ದರ, ಹಾಲಿನ ಡೇರಿಯಲ್ಲಿ ‘ಮಿಶ್ರತಳಿ ಹಸು’, ಶ್ರೀನಿವಾಸಪುರದ ತೋಪುಗಳಲ್ಲಿ ಬಾದಾಮಿ, ತೋತಾಪುರಿ, ಮಲ್ಲಿಕಾ ಎಂಬ ಮಾವಿನ ‘ತಳಿಗಳು’, ಮುಳಬಾಗಿಲಿನ ವಡ್ಡಹಳ್ಳಿಯ ಟೊಮೆಟೊ ಮಂಡಿಯಲ್ಲಿ ‘ನಾಟಿ ತಳಿ’ಯೋ ಫಾರಂ ಕಾಯೋ ಎಂಬ ಚರ್ಚೆ, 2021ರ ಪತ್ರಿಕೆಗಳ ಮುಖಪುಟದಲ್ಲಿ ‘ಡೆಲ್ಟಾ ತಳಿ’, ‘ರೂಪಾಂತರಿ ತಳಿ’. ಇವೆಲ್ಲಕ್ಕೂ ಆಚೆ, ಮಣ್ಣಿನ ಸೂಕ್ಷ್ಮಜೀವಿಗಳ ಪ್ರಯೋಗಾಲಯದಲ್ಲಿ, ಗಾಜಿನ ತಟ್ಟೆಯ ಮೇಲೆ ಬೆಳೆದ ಒಂದು ಚುಕ್ಕೆಯನ್ನು ತೋರಿಸಿ ‘ಇದೊಂದು ಹೊಸ ತಳಿ’ ಎನ್ನುವ ಸಂಶೋಧಕರ ಮಾತು. ಧಾನ್ಯ, ಹುಳು, ಪಶು, ಹಣ್ಣು, ವೈರಾಣು, ಮಣ್ಣಿನ ಅಣುಜೀವಿ ಎಲ್ಲವನ್ನೂ ಒಂದೇ ಪದ ಹೊರುತ್ತಿದೆ, ಆದರೆ ಎಲ್ಲ ಕಡೆಯೂ ಒಂದೇ ಅರ್ಥವನ್ನು ಹೊರುತ್ತಿಲ್ಲ. ಈ ಕೊನೆಯ ನೆಲೆಯಲ್ಲಿ, ಅಂದರೆ ಮಣ್ಣಿನಿಂದ ಹೊಸ ಬ್ಯಾಕ್ಟೀರಿಯಾವೊಂದನ್ನು ಬೇರ್ಪಡಿಸಿ, ಗುರುತಿಸಿ, ಹೆಸರಿಡುವ ಕೆಲಸದಲ್ಲಿ, ತಳಿ ಎಂಬ ಪದಕ್ಕೆ ಬಂದಿರುವ ಭಾರ ಅದರ ಹಿಂದಿನ ಯಾವ ನೆಲೆಯಲ್ಲೂ ಇರಲಿಲ್ಲವೆಂದು ನನಗೆ ತೋರುತ್ತದೆ. ಅಲ್ಲಿಗೆ ಹೋಗುವ ಮುನ್ನ ಬೇರನ್ನು ಒಂದಿಷ್ಟು ಕೆದಕೋಣ.

ಹಳಗನ್ನಡ ಕಾವ್ಯದಲ್ಲಿ ಮೆರೆದದ್ದು ತಳಿರ್. ಅದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಚಿಗುರೂ ಅದೇ, ಚಿಗುರುವುದೂ ಅದೇ. ತಳಿರ್ತ ಮಾವು, ಕೆಂದಳಿರ್, ಎಳದಳಿರ್, ತಳಿರಡಿ, ಇಂದಿಗೂ ಉಳಿದಿರುವ ತಳಿರುತೋರಣ. ತಮಿಳಿನಲ್ಲೂ ಮಲಯಾಳದಲ್ಲೂ ಅದು ತಳಿರ್, ತೆಲುಗಿನಲ್ಲಿ ತಲಿರು. ಹಾಗಾದರೆ ತಳಿರ್ ಮತ್ತು ತಳಿ ಒಡಹುಟ್ಟಿದವೇ? ಕನ್ನಡದಲ್ಲಿ ಪದದ ಕೊನೆಯ ರ್ ಸುಮ್ಮನೆ ಉದುರಿ ಹೋಗುವುದಿಲ್ಲ, ಉಕಾರವನ್ನು ಕೂಡಿಸಿಕೊಂಡು ಉಳಿಯುತ್ತದೆ. ಪೆಸರ್ ಹೆಸರಾಯಿತು, ಬಸಿರ್ ಬಸಿರಾಯಿತು, ತಳಿರ್ ತಳಿರಾಯಿತು. ಆದ್ದರಿಂದ ತಳಿರ್ ಸವೆದು ತಳಿಯಾಯಿತೆನ್ನುವುದು ಸುಲಭವಲ್ಲ. ಆದರೆ ದ್ರಾವಿಡದಲ್ಲಿ ‘-ಇರ್’ ಎಂಬುದು ಮೂಲಕ್ಕೆ ಹತ್ತಿದ ಕೊಂಬೆಯಂತೆ ಕಾಣುವ ಜೋಡಿಗಳಿವೆ. ತಮಿಳಿನಲ್ಲಿ ಒಳಿ ಎಂದರೆ ಬೆಳಕು, ಒಳಿರ್ ಎಂದರೆ ಬೆಳಗು. ನಮ್ಮಲ್ಲಿ ಕುಳಿರ್ ಎಂದರೆ ತಣ್ಪು, ಕುಳಿರ್ಗಾಳಿಯೆಂದರೆ ಚಳಿಗಾಳಿ, ಅದರ ಪಕ್ಕದಲ್ಲೇ ತಮಿಳಿನ ಕುಳಿ ಎಂದರೆ ಮೀಯು. ಆ ಸಾಲಿನಲ್ಲಿ ತಳಿ, ತಳಿರ್ ಎಂಬ ಜೋಡಿಯನ್ನಿಟ್ಟು ನೋಡಿದರೆ, ಒಂದೇ ಬುಡದಿಂದ ಒಂದು ಕವಲು ಕಾವ್ಯಕ್ಕೆ ಹೋಗಿ ಕೆಂಪು ಚಿಗುರಾಯಿತು, ಇನ್ನೊಂದು ಹೊಲಕ್ಕೆ ಹೋಗಿ ಚಿಗುರುವ ಶಕ್ತಿಯನ್ನೇ ತಲೆಯಿಂದ ತಲೆಗೆ ಸಾಗಿಸುವ ಸಂತತಿಯಾಯಿತು ಎಂದುಕೊಳ್ಳಬಹುದು. ನನಗೆ ಹೆಚ್ಚು ಒಪ್ಪಿಗೆಯಾಗುವ ದಾರಿ ಇದು. ತಳಕ್ಕೂ ತಳಿಗೂ ನಂಟು ಕಟ್ಟಿ ‘ತಳದಲ್ಲಿರುವುದೇ ತಳಿ’ ಎನ್ನುವವರೂ ಇದ್ದಾರೆ. ಆ ತಳ ಸಂಸ್ಕೃತದ ತಲಕ್ಕೆ ಅಂಟಿಕೊಂಡ ಪದ, ಅದರ ಬಾಳು ಬೇರೆ, ಆ ನಂಟನ್ನು ನಾನು ಒಪ್ಪಲಾರೆ.

ಇನ್ನೊಂದು ತಳಿಯನ್ನು ಮಾತ್ರ ಹಾಗೆ ತಳ್ಳಿಹಾಕಲಾಗದು. ತಳಿ ಎಂದರೆ ಚಿಮುಕಿಸು, ಎರಚು, ಚೆಲ್ಲು. ಹಳೆಯ ಕಾವ್ಯಗಳಲ್ಲಿ ಪನ್ನೀರನ್ನು ತಳಿಯುತ್ತಾರೆ, ಹೂವನ್ನು ತಳಿಯುತ್ತಾರೆ, ಪುರೋಹಿತರು ಅಕ್ಷತೆಯನ್ನು ತಳಿಯುತ್ತಾರೆ. ಇಂದಿಗೂ ಬೆಳಗಾಗೆದ್ದು ಅಂಗಳಕ್ಕೆ ಸಗಣಿನೀರು ತಳಿಯುವುದುಂಟು. ಉತ್ತರದ ಜಿಲ್ಲೆಗಳಲ್ಲಿ ಅದಕ್ಕೆ ಮಹಾಪ್ರಾಣ ಕೂಡಿ ‘ಥಳಿ ಹೊಡೆಯುವುದು’ ಆಗಿದೆ. ತಮಿಳಿನಲ್ಲಿ ತೆಳಿ ಎಂದರೆ ಸಿಂಪಡಿಸು, ತಳಿ ಎಂದರೆ ಮಳೆಯ ಹನಿ. ಕೋಲಾರದ ಮಟ್ಟಿಗೆ ಈ ಜಾಡು ಇನ್ನೂ ಸ್ವಾರಸ್ಯದ್ದು, ಏಕೆಂದರೆ ಅರ್ಧ ಊರು ತೆಲುಗಾಡುವ ಈ ಸೀಮೆಯಲ್ಲಿ ಚಲ್ಲು ಎಂಬ ಒಂದೇ ಕ್ರಿಯಾಪದ ಅಂಗಳಕ್ಕೆ ನೀರು ಚಿಮುಕಿಸುವುದಕ್ಕೂ ಹೊಲಕ್ಕೆ ಕಾಳು ಎರಚುವುದಕ್ಕೂ ಸಲ್ಲುತ್ತದೆ; ಕನ್ನಡದವರೂ ಕೂರಿಗೆ ಹಿಡಿಯದೆ ಕೈಯಿಂದ ರಾಗಿ ಬಿತ್ತಿದರೆ ಅದನ್ನು ಚೆಲ್ಲು ಬಿತ್ತನೆ ಎನ್ನುತ್ತಾರೆ. ಎರಚುವ ತಳಿ, ಬಿತ್ತುವ ತಳಿ, ಚಿಗುರುವ ತಳಿ: ಮೂರೂ ಒಂದೇ ಮೂಲದವೆಂದು ನಾನು ಸಾಧಿಸಹೊರಟಿಲ್ಲ, ಚಿಮುಕಿಸುವ ತಳಿಗೂ ಚಿಗುರುವ ತಳಿಗೂ ನಿಘಂಟುಕಾರರು ಬೇರೆ ಬೇರೆ ಮನೆ ಕೊಡುವುದೇ ಸರಿ. ಆದರೂ ಉಚ್ಚಾರ ಒಂದೇ ಆದ ಪದಗಳು ಆಡುವವರ ಮನಸ್ಸಿನಲ್ಲಿ ಒಂದರ ಮೇಲೊಂದು ನೆರಳು ಬೀಳಿಸುತ್ತವೆ ಎಂಬುದನ್ನು ಪದಗಳ ಜೊತೆ ಬಾಳಿದವರೆಲ್ಲ ಬಲ್ಲರು.

ಹೊಲದಲ್ಲಿ ತಳಿಗೆ ಗಟ್ಟಿ ಜಾಗ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದಕ್ಕೆ ಮುಂಚೆ ರೈತರಿಗೆ ಈ ಭಾವಕ್ಕೆ ಬೇರೆ ಮಾತುಗಳಿದ್ದವು, ಇನ್ನೂ ಇವೆ. ಒಳ್ಳೆಯ ಬೀಜ, ಒಳ್ಳೆಯ ಬಿತ್ತು ಎಂದರೆ ಸಾಕಿತ್ತು. ಹೊರಗಿನಿಂದ ಬಂದದ್ದಕ್ಕೆ ಸೀಮೆ, ಊರಿನದಕ್ಕೆ ನಾಟಿ: ಸೀಮೆಹಸು, ನಾಟಿಹಸು. ಲಕ್ಷಣವಾಗಿರುವುದಕ್ಕೆ ಜಾತಿ: ಜಾತಿನಾಯಿ, ಜಾತಿಕುದುರೆ. ಗಡಿಯಾಚೆಯ ಕುಪ್ಪಂ, ಪುಂಗನೂರು, ಮದನಪಲ್ಲಿಯ ರೈತರು ಇದನ್ನೇ ವಂಗಡಂ ಎಂದು ಓದುತ್ತಾರೆ, ಅದು ತೆಲುಗಿನಲ್ಲಿ ಮೊದಲು ವಂಶಕ್ಕೆ, ಮನೆತನಕ್ಕೆ ಇದ್ದ ಹೆಸರು. ಹೊಸೂರಿನ ಕಡೆಯವರು ರಗಂ ಎನ್ನುತ್ತಾರೆ, ಅದು ಅರಬ್ಬಿಯಿಂದ ಹೊರಟು ನಮ್ಮ ರಕಮು ಎಂಬ ಮಾತನ್ನೂ ಹುಟ್ಟಿಸಿದ ಪದ. ಮನೆತನದಿಂದ ಒಂದು, ಲೆಕ್ಕದ ಪುಸ್ತಕದಿಂದ ಒಂದು, ಚಿಗುರಿನಿಂದ ಒಂದು. ಮೂರು ನೆರೆನಾಡುಗಳು ಒಂದೇ ವಿಷಯವನ್ನು ಮೂರು ಕಡೆಯಿಂದ ಹಿಡಿದಿವೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಹೆಬ್ಬಾಳದ ಹೊಲದಲ್ಲಿ ರಾಗಿಯ ತೆನೆಗಳನ್ನು ಆಯ್ದು ಬೇರ್ಪಡಿಸಿ ಎಚ್. 22 ಎಂಬಂಥ ಸಂಖ್ಯೆಗಳನ್ನು ಕೊಡತೊಡಗಿದ ಮೇಲೆ, ಮುಂದೆ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ, ಆ ಎರಡು ನಾಡುಗಳ ಹೆಸರನ್ನೂ ಕೂಡಿಸಿ ‘ಇಂಡಾಫ್’ ಎಂಬ ಸಾಲನ್ನೇ ಕೊಟ್ಟ ಮೇಲೆ, ಬೀಜ ಎಂಬ ಪದ ಸಾಲದಾಯಿತು. ಬೀಜವೆಂದರೆ ಕೈಯಲ್ಲಿ ಹಿಡಿಯುವ ಕಾಳು. ಆದರೆ ಕಾಳಿನಿಂದ ಕಾಳಿಗೆ ಕೆಡದೆ ಸಾಗುವ ಗುಣವನ್ನು ಹೇಳಲು ಬೇರೊಂದು ಪದ ಬೇಕಿತ್ತು, ತಳಿ ಆ ಜಾಗಕ್ಕೆ ಬಂದು ಕೂತಿತು.

ರೇಷ್ಮೆಯವರ ಕೈಯಲ್ಲಿ ಅದು ಇನ್ನೊಂದು ತಿರುವು ಪಡೆಯಿತು, ಮತ್ತು ಈ ತಿರುವನ್ನು ನಮ್ಮ ನಿಘಂಟುಗಳು ಸರಿಯಾಗಿ ಗಮನಿಸಿಲ್ಲವೆಂಬ ಕೊರಗು ನನಗಿದೆ. ದ್ವಿತಳಿ ಎಂದರೆ ಎರಡು ಜಾತಿಗಳ ಬೆರಕೆಯೆಂದು ಹೊರಗಿನವರು ತಿಳಿಯುವುದು ಸಹಜ. ಆದರೆ ಹಿಪ್ಪುನೇರಳೆ ಬೆಳೆಯುವವರಿಗೆ ಗೊತ್ತು, ದ್ವಿತಳಿ ಎಂದರೆ ವರ್ಷಕ್ಕೆ ಎರಡು ಸಂತತಿ ಕಾಣುವ ಹುಳು. ಬೆರಕೆಯದಕ್ಕೆ ಮಿಶ್ರತಳಿಯೆಂಬ ಬೇರೆಯೇ ಹೆಸರಿದೆ. ಹಳದಿ ಗೂಡು ಕಟ್ಟುವ ನಮ್ಮ ಹಳೆಯ ಮೈಸೂರು ತಳಿಯ ಹೆಣ್ಣಿಗೆ ಬಿಳಿ ಗೂಡಿನ ಸಿ.ಎಸ್.ಆರ್. 2 ಎಂಬ ದ್ವಿತಳಿಯ ಗಂಡನ್ನು ಕೂಡಿಸಿದರೆ ಬರುವುದು ಮಿಶ್ರತಳಿ. ಒಂದೇ ವಾಕ್ಯದಲ್ಲಿ ತಳಿ ಎರಡು ಅರ್ಥಗಳಲ್ಲಿ ಓಡಾಡಿತು, ನೋಡಿ: ‘ಮೈಸೂರು ತಳಿ’ಯಲ್ಲಿ ಅದು ವಂಶ, ‘ದ್ವಿತಳಿ’ಯಲ್ಲಿ ಅದು ಪೀಳಿಗೆ, ತಲೆಮಾರು, ಒಂದು ಸರದಿಯ ಹುಟ್ಟು. ಚಿಗುರು ಎಂಬ ಮೂಲಭಾವವನ್ನು ನೆನೆದರೆ ಎರಡೂ ಹೊಂದುತ್ತವೆ. ಗಿಡದಲ್ಲಿ ಒಂದೊಂದು ಸಲ ಬರುವ ಚಿಗುರೂ ತಳಿರೇ, ಆ ಗಿಡದ್ದೇ ಆದ ಚಿಗುರಿನ ಬಗೆಯೂ ತಳಿರೇ.

ಆಮೇಲೆ ಬಂದದ್ದು ವಿಜ್ಞಾನದ ಪರಿಭಾಷೆಯ ಕಾಲ. ತಳಿಶಾಸ್ತ್ರ, ತಳಿವಿಜ್ಞಾನ, ತಳಿಗುಣ, ತಳಿ ಸಂವರ್ಧನೆ, ಸಂಕರ ತಳಿ, ಕುಲಾಂತರಿ ತಳಿ. ಸಂಸ್ಕೃತದಿಂದ ಪ್ರತಿಯೊಂದಕ್ಕೂ ಪದ ಕಟ್ಟುತ್ತಿದ್ದ ಕಾಲದಲ್ಲಿ ಈ ಶಾಸ್ತ್ರ ಮಾತ್ರ ದೇಸಿ ಪದವೊಂದನ್ನು ತಲೆಯ ಮೇಲೆ ಹೊತ್ತು ಬಂತು; ಅನುವಂಶೀಯತೆ, ವಂಶವಾಹಿ ಎಂಬವು ಬಂದರೂ ತಳಿಶಾಸ್ತ್ರವನ್ನು ಕದಲಿಸಲಾಗಲಿಲ್ಲ. ಇದು ರೈತರ ಬಾಯಿಯ ಗೆಲುವು.

ಈಗ ಮಣ್ಣಿಗೆ ಬರೋಣ. ಕೋಲಾರದ ಕೆಮ್ಮಣ್ಣಿನ ಅಣುಜೀವಿಗಳಲ್ಲಿ ರೈತರಿಗೆ ಹೆಸರಿನಿಂದಲ್ಲದಿದ್ದರೂ ಕೆಲಸದಿಂದ ಚೆನ್ನಾಗಿ ಪರಿಚಯವಿರುವುದು ಒಂದು. ಟೊಮೆಟೊ ಗಿಡ ಸೊಂಪಾಗಿ ಕಾಯಿ ಕಚ್ಚಿರುತ್ತದೆ. ಒಂದು ಮಧ್ಯಾಹ್ನ ಎಲೆ ಜೋತು ಬೀಳುತ್ತದೆ, ಹಳದಿಯಾಗುವುದಿಲ್ಲ, ಹಸಿರಾಗಿಯೇ ಸೊರಗುತ್ತದೆ, ಕೆಲವು ದಿನಗಳಲ್ಲಿ ಗಿಡವೇ ಇಲ್ಲ. ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಿಗೆ ಇಳಿಬಿಟ್ಟರೆ ತುದಿಯಿಂದ ಹಾಲಿನಂಥ ಎಳೆಗಳು ಇಳಿಯುತ್ತವೆ. ಅದು ನೀರ್ಗೊಳವೆಗಳಲ್ಲಿ ತುಂಬಿದ ಬ್ಯಾಕ್ಟೀರಿಯಾ. ಕೃಷಿ ಕರಪತ್ರಗಳು ಇದನ್ನು ‘ದುಂಡಾಣು ಸೊರಗು ರೋಗ’ ಎನ್ನುತ್ತವೆ. ಸೊರಗು ಅಚ್ಚಗನ್ನಡ, ಇದಕ್ಕಿಂತ ಸರಿಯಾದ ಪದ ಸಿಗಲಾರದು. ದುಂಡಾಣು ಮಾತ್ರ ನಮ್ಮನ್ನು ತಡೆದು ನಿಲ್ಲಿಸಬೇಕು. ವಿಜ್ಞಾನಿ ಎಹ್ರೆನ್‌ಬರ್ಗ್ 1828ರಲ್ಲಿ ಬ್ಯಾಕ್ಟೀರಿಯಂ ಎಂದು ಹೆಸರಿಟ್ಟಾಗ ಗ್ರೀಕಿನ ಕೋಲು ಎಂಬ ಅರ್ಥದ ಪದವನ್ನೇ ಹಿಡಿದಿದ್ದ, ಆ ಲೆಕ್ಕದಲ್ಲಿ ಕನ್ನಡಕ್ಕೆ ಒಪ್ಪುವುದು ದಂಡಾಣು. ಸೊರಗು ರೋಗದ ಜೀವಿಯೂ ಕೋಲಿನಾಕಾರದ್ದೇ. ಅದು ದುಂಡಾದದ್ದು ಹೇಗೆ? ದಂಡಾಣು ಎಂಬ ಸಂಸ್ಕೃತ ರೂಪ ಕರಪತ್ರದಿಂದ ಕರಪತ್ರಕ್ಕೆ ದಾಟುವಾಗ, ಅಣುವೆಂದರೆ ದುಂಡಗಿರಬೇಕೆಂಬ ನಮ್ಮ ಕಲ್ಪನೆಯೂ ದುಂಡು ಎಂಬ ಹತ್ತಿರದ ಕನ್ನಡ ಪದವೂ ಸೇರಿ ಒಂದು ಉಕಾರವನ್ನು ಕೂಡಿಸಿರಬೇಕೆಂಬುದು ನನ್ನ ಊಹೆ. ಪದ ಬಳಕೆಯಲ್ಲಿ ನೆಲೆಯೂರಿದೆ, ದಾಳಿಂಬೆಯ ‘ದುಂಡಾಣು ಅಂಗಮಾರಿ’ಯವರೆಗೂ ಹೋಗಿದೆ, ಅದನ್ನು ಈಗ ನೆಟ್ಟಗೆ ಮಾಡಹೊರಡುವುದು ಬೇಡ.

ಈ ಜೀವಿಗೂ ಮೈಸೂರು ಸೀಮೆಗೂ ನೂರು ವರ್ಷಕ್ಕೆ ಮೀರಿದ ಪರಿಚಯವಿದೆ. ಕೆನಡಾದಿಂದ ಬಂದು ಸಂಸ್ಥಾನದ ಶಿಲೀಂಧ್ರತಜ್ಞರೂ ಕೀಟತಜ್ಞರೂ ಆಗಿ ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದ ಲೆಸ್ಲಿ ಕೋಲ್‌ಮನ್ 1909ರಲ್ಲಿ ಇಲಾಖೆಯಿಂದ ಆಲೂಗಡ್ಡೆಯ ಉಂಗುರ ರೋಗದ ಮೇಲೊಂದು ಪುಸ್ತಿಕೆ ತಂದರು. ಗೆಡ್ಡೆಯನ್ನು ಕೊಯ್ದರೆ ಕಂದು ಉಂಗುರ ಕಾಣಿಸುವ ಆ ರೋಗದ ಕಾರಣವೂ ಇದೇ ಜೀವಿ. ಆಗ ಇದರ ಹೆಸರು ಬ್ಯಾಸಿಲಸ್ ಸೊಲನಾಸಿಯೇರಮ್. ಅಮೆರಿಕದ ಎರ್ವಿನ್ ಸ್ಮಿತ್ 1896ರಲ್ಲಿ ಟೊಮೆಟೊ, ಬದನೆ, ಆಲೂಗಡ್ಡೆಗಳಲ್ಲಿ ಇದನ್ನು ಕಂಡು ಇಟ್ಟ ಹೆಸರು ಅದು. ಲ್ಯಾಟಿನ್ನಿನ ಆ ಕೊನೆಯ ‘-ಏರಮ್’ ಬಹುವಚನದ ಷಷ್ಠಿ, ನಮ್ಮ ‘-ಗಳ’. ಬದನೆಯ ಕುಟುಂಬದವುಗಳ ಬ್ಯಾಸಿಲಸ್ ಎಂದರ್ಥ. ಸ್ಮಿತ್ ಅದನ್ನೇ 1914ರಲ್ಲಿ ಸ್ಯೂಡೊಮೊನಾಸ್ ಕುಲಕ್ಕೆ ಸೇರಿಸಿದ. 1992ರಲ್ಲಿ ಅದು ವಾಲ್ಟರ್ ಬರ್ಕ್‌ಹೋಲ್ಡರ್ ಎಂಬ ಸಸ್ಯರೋಗತಜ್ಞನ ಹೆಸರಿನ ಬರ್ಕ್‌ಹೋಲ್ಡೇರಿಯಾ ಆಯಿತು. ಮೂರೇ ವರ್ಷಕ್ಕೆ, 1995ರಲ್ಲಿ, ಜಪಾನಿನ ಯಾಬುಉಚಿ ಮತ್ತು ಸಂಗಡಿಗರು ಎರಿಕಾ ರಾಲ್‌ಸ್ಟನ್ ಎಂಬ ಜೀವಾಣುತಜ್ಞೆಯ ಗೌರವಕ್ಕೆ ರಾಲ್‌ಸ್ಟೋನಿಯಾ ಎಂಬ ಹೊಸ ಕುಲವನ್ನೇ ಕಟ್ಟಿ ಅದರಲ್ಲಿಟ್ಟರು. ಕುಲ ಮೂರು ಸಲ ಬದಲಾದರೂ ಸೊಲನಾಸಿಯೇರಮ್ ಎಂಬ ವಿಶೇಷಣ ಬಿಡದೆ ಬಂತು, ಗಂಡನ ಮನೆ ಎಲ್ಲೆಲ್ಲಿ ಬದಲಾದರೂ ತವರಿನ ಹೆಸರನ್ನು ಬಿಡದ ಹೆಣ್ಣುಮಗಳಂತೆ.

ಕುಲವೆಂದೆ; ಅದರೊಳಗಿನ ವಿಂಗಡಣೆ ಪ್ರಭೇದ. ಈ ಜೋಡಿಯೂ ಕನ್ನಡದಲ್ಲಿ ಇನ್ನೂ ತೂಗಾಡುತ್ತಿದೆ. ಕೆಲವು ಪಠ್ಯಗಳಲ್ಲಿ ದ್ವಿನಾಮದ ಮೊದಲ ಪದ ಜಾತಿ, ಎರಡನೆಯದು ಪ್ರಭೇದ. ಕೆಲವರಿಗೆ ಮೊದಲನೆಯದು ಕುಲ. ‘ಅಳಿವಿನಂಚಿನ ಜಾತಿಗಳು’ ಎಂದು ಬರೆಯುವ ಪತ್ರಿಕೆಗಳಿಗೆ ಎರಡನೆಯದೇ ಜಾತಿ. ಜಾತಿ ಹುಟ್ಟಿದ್ದು ಜನ್ ಎಂಬ ಧಾತುವಿನಿಂದ, ಲ್ಯಾಟಿನ್ನಿನ ಜೀನಸ್ ಕೂಡ ಅದೇ ಮೂಲಭಾಷೆಯ ಹುಟ್ಟಿನ ಧಾತುವಿನಿಂದ. ಹಾಗಾಗಿ ಮೊದಲ ಪದವನ್ನು ಜಾತಿ ಎಂದವರು ಬೇರಿನ ಕಡೆಯಿಂದ ನೋಡಿದರೆ ತುಂಬ ಸರಿ. ಪ್ರಭೇದ ಭಿದ್ ಧಾತುವಿನದು. ಸೀಳುವುದು, ಒಡೆಯುವುದು, ಬೇರೆ ಮಾಡುವುದು. ಮುಳಬಾಗಿಲಿನ ಡಿ.ವಿ.ಜಿ. ಅವರ ಮಗ ಬಿ.ಜಿ.ಎಲ್. ಸ್ವಾಮಿ ‘ಹಸುರು ಹೊನ್ನು’ ಬರೆದಾಗ ಸಸ್ಯಗಳ ಲ್ಯಾಟಿನ್ ಹೆಸರುಗಳು ಕನ್ನಡ ಮಾತಿನ ನಡುವೆ ಅಂಜದೆ ಓಡಾಡಿದವು. ಅಣುಜೀವಿಗಳಿಗೆ ಅಂಥ ಭಾಗ್ಯ ಇನ್ನೂ ಬಂದಿಲ್ಲ. ಬಂದರೆ, ಒಂದು ಮಾತು ಸ್ಪಷ್ಟವಾಗಬೇಕು: ಜಾತಿ ಹುಟ್ಟನ್ನು ಹೇಳುತ್ತದೆ, ಪ್ರಭೇದ ಬೇರ್ಪಡಿಕೆಯನ್ನು ಹೇಳುತ್ತದೆ, ಎರಡೂ ವಿಂಗಡಿಸುವವರ ತೀರ್ಮಾನಗಳು, ಹೊಸ ಸಾಕ್ಷಿ ಬಂದಾಗ ತಿದ್ದಬಹುದಾದವು. ತಳಿ ತೀರ್ಮಾನವಲ್ಲ; ಅದು ಸೀಸೆಯೊಳಗೆ ಜೀವಂತವಾಗಿ ಇರುವ ವಸ್ತು.

ಕೋಲಾರದ ಹೊಲವೊಂದರ ಮಣ್ಣಿನಿಂದ ಹೊಸ ಪ್ರಭೇದವನ್ನು ಹೆಸರಿಸಬೇಕೆನ್ನುವವರು ಏನು ಮಾಡುತ್ತಾರೆಂದು ನೋಡಿದರೆ ಇದು ತಿಳಿಯುತ್ತದೆ. ಒಂದು ಗ್ರಾಂ ಮಣ್ಣನ್ನು ಶುದ್ಧ ನೀರಿನಲ್ಲಿ ಕದಡಿ, ಹತ್ತರಲ್ಲಿ ಒಂದು, ಅದರ ಹತ್ತರಲ್ಲಿ ಒಂದು ಎಂದು ತೆಳುಮಾಡುತ್ತ ಹೋಗಿ, ಕೊನೆಯ ನೀರಿನ ಒಂದು ಹನಿಯನ್ನು ಅಗಾರ್ ತಟ್ಟೆಯ ಮೇಲೆ ಹರಡುತ್ತಾರೆ. ಹಳೆಯ ಕನ್ನಡದಲ್ಲಿ ಹೇಳುವುದಾದರೆ ತಳಿಯುತ್ತಾರೆ. ನಾಲ್ಕು ದಿನಕ್ಕೆ ಅಲ್ಲಿ ಒಂದೊಂದೇ ಕಣದಿಂದ ಎದ್ದ ಚುಕ್ಕೆಗಳು ತಳಿರುತ್ತವೆ. ಆ ಚುಕ್ಕೆಯನ್ನು ಸೂಜಿಯಲ್ಲಿ ಎತ್ತಿ ಮತ್ತೆ ಮತ್ತೆ ಗೆರೆ ಎಳೆದು ಬೇರೆ ಯಾವುದೂ ಬೆರೆಯದ ಸಂತತಿಯನ್ನು ಪಡೆದರೆ ಅದು ಶುದ್ಧ ಕೃಷಿ. ಇಲ್ಲಿಯೂ ಉಳುವ ಪದವೇ ಬಂತು, ಕೃಷ್ ಎಂದರೆ ನೆಲ ಗೀರು. ಈ ಶುದ್ಧ ಸಂತತಿಗೆ ಪ್ರಯೋಗಾಲಯದಲ್ಲಿ ಒಂದು ಸಂಕೇತ ಸಿಗುತ್ತದೆ, ಆ ಕ್ಷಣದಿಂದ ಅದು ತಳಿ. ಪ್ರಭೇದ ಯಾವುದೆಂದು ಇನ್ನೂ ಗೊತ್ತಿಲ್ಲ, ಕುಲ ಗೊತ್ತಿಲ್ಲ. ತಳಿ ಮಾತ್ರ ಆಗಲೇ ಇದೆ.

ಆಮೇಲೆ ಹೋಲಿಕೆ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ, ಸುಮಾರು 1500 ಅಕ್ಷರಗಳ 16ಎಸ್ ವಂಶವಾಹಿಯನ್ನು ಓದಿ, ಹೆಸರಾದ ಪ್ರಭೇದಗಳ ಜೊತೆ ಇಟ್ಟು ನೋಡುತ್ತಾರೆ. ಹತ್ತಿರದ್ದರೊಡನೆ ಹೋಲಿಕೆ ನೂರಕ್ಕೆ 98.7ಕ್ಕಿಂತ ಕಡಿಮೆಯಾದರೆ ಹೊಸದಿರಬಹುದೆಂಬ ಆಸೆ ಮೂಡುತ್ತದೆ. ಹೆಚ್ಚಿದ್ದರೆ ಇಡೀ ಜೀನೋಮನ್ನೇ ಹೋಲಿಸಬೇಕು, ಸರಾಸರಿ ಸಾಮ್ಯ 95, 96ರ ಗೆರೆಯ ಕೆಳಗಿದ್ದರೆ ಬೇರೆ ಪ್ರಭೇದ. ಇದರ ಜೊತೆ ಕೋಶಭಿತ್ತಿ, ಕೊಬ್ಬಿನಾಮ್ಲಗಳು, ಯಾವ ಸಕ್ಕರೆ ತಿನ್ನುತ್ತದೆ, ಎಷ್ಟು ಉಪ್ಪು, ಎಷ್ಟು ಬಿಸಿ ತಾಳುತ್ತದೆ ಎಂಬೆಲ್ಲ ಲಕ್ಷಣಗಳ ಪಟ್ಟಿ. ಹೆಸರು ಕಟ್ಟುವುದು ಆಮೇಲೆ. ಊರಿನ ಹೆಸರಾದರೆ ಲ್ಯಾಟಿನ್ನಿನ ‘-ಎನ್ಸಿಸ್’ ಸೇರಿಸಬೇಕು, ಮೈಸೊರೆನ್ಸಿಸ್ ಎಂದು ಹೂಬಳ್ಳಿಯೊಂದು ಆಗಲೇ ಇರುವಂತೆ. ಗಂಗರು ಕುವಳಾಲಪುರವರೇಶ್ವರರೆಂದು ಊರನ್ನು ತಮ್ಮ ಬಿರುದಿಗೆ ಕಟ್ಟಿಕೊಂಡ ನಾಡಿನಲ್ಲಿ, ಕುವಳಾಲ ಕೋಲಾರವಾದ ಮೇಲೂ, ಈ ಪದ್ಧತಿ ಯಾರಿಗೂ ಹೊಸತೆನಿಸಲಾರದು. ಆದರೆ ಇಷ್ಟೆಲ್ಲ ಆದರೂ ಹೆಸರಿಗೆ ಮಾನ್ಯತೆ ಬರುವುದಿಲ್ಲ. ಬ್ಯಾಕ್ಟೀರಿಯಾಗಳ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ ಆ ಪ್ರಭೇದದ ಒಂದು ತಳಿಯನ್ನು ಎರಡು ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ, ಹೇಳಿದರೆ ಚಂಡೀಗಡದಲ್ಲೊಂದು ಜರ್ಮನಿಯಲ್ಲೊಂದು, ಜೀವಂತವಾಗಿ ಒಪ್ಪಿಸಿ, ಯಾರು ಕೇಳಿದರೂ ಸಿಗುವಂತೆ ಮಾಡಬೇಕು. ಅದಿಲ್ಲದೆ ಪ್ರಭೇದವಿಲ್ಲ. ಗಿಡಕ್ಕೆ ಒಣಗಿಸಿ ಅಂಟಿಸಿದ ಹಾಳೆ ಸಾಕು, ಕೀಟಕ್ಕೆ ಸೂಜಿ ಚುಚ್ಚಿದ ಒಡಲು ಸಾಕು; ಬ್ಯಾಕ್ಟೀರಿಯಾಕ್ಕೆ ಮಾತ್ರ ಚಿಗುರಬಲ್ಲ ತಳಿಯೇ ಬೇಕು. ಪ್ರಭೇದದ ಇಡೀ ಕಟ್ಟಡ ತಳಿಯ ಮೇಲೆ ನಿಂತಿದೆ.

ಸೊರಗು ರೋಗದ ಜೀವಿಯ ಕಥೆಯಲ್ಲಿ ಅದು ಮತ್ತೆ ಕಾಣುತ್ತದೆ. ರಾಲ್‌ಸ್ಟೋನಿಯಾ ಸೊಲನಾಸಿಯೇರಮ್ ಎಂಬ ಹೆಸರನ್ನು ಹೊತ್ತಿರುವ ತಳಿ ಕೆ. 60, ಅಮೆರಿಕದ ಉತ್ತರ ಕ್ಯಾರೊಲಿನಾದ ಟೊಮೆಟೊ ಗಿಡದಿಂದ ತೆಗೆದದ್ದು. 2014ರಲ್ಲಿ ಸಫ್ನಿ ಮತ್ತು ಸಂಗಡಿಗರು ಈ ಪ್ರಭೇದದೊಳಗಿನ ನಾಲ್ಕು ಗುಂಪುಗಳನ್ನು ಅಳೆದು ನೋಡಿ, ಇದು ಒಂದಲ್ಲ, ಮೂರು ಪ್ರಭೇದ ಎಂದರು. ಹೆಸರು ಎತ್ತ ಹೋಗಬೇಕು? ಕೆ. 60 ಇದ್ದ ಎರಡನೆಯ ಗುಂಪಿಗೆ. ಏಷ್ಯಾದ ಹೊಲಗಳಲ್ಲಿ ಹರಡಿರುವ, ಭಾರತದ ಟೊಮೆಟೊ ಬದನೆಗಳಿಂದ ತೆಗೆದ ತಳಿಗಳಲ್ಲಿ ಬಹುಪಾಲು ಸೇರುವ ಮೊದಲ ಗುಂಪಿಗೆ, ಆಫ್ರಿಕದ ಮೂರನೆಯದರ ಜೊತೆ, ರಾಲ್‌ಸ್ಟೋನಿಯಾ ಸ್ಯೂಡೊಸೊಲನಾಸಿಯೇರಮ್ ಎಂಬ ಹೊಸ ಹೆಸರು ಬಂತು. ಸ್ಯೂಡೊ ಎಂದರೆ ಹುಸಿ, ಹಳಗನ್ನಡದ ಪುಸಿ. ನಮ್ಮ ಹೊಲದ್ದು ಹುಸಿ, ಕ್ಯಾರೊಲಿನಾದ್ದು ದಿಟ. ಇದರಲ್ಲಿ ಅನ್ಯಾಯವಿಲ್ಲ, ತಳಿ ಎಲ್ಲಿತ್ತೋ ಹೆಸರು ಅಲ್ಲಿಗೆ ಹೋಯಿತು, ಅಷ್ಟೆ. ಆದರೂ ಪದದ ಮೇಲೆ ಪ್ರೀತಿಯಿರುವ ಕನ್ನಡಿಗನಾಗಿ, ನೂರು ವರ್ಷ ನಮ್ಮ ಗಿಡಗಳನ್ನು ಸೊರಗಿಸಿದ ಜೀವಿಯನ್ನು ಹುಸಿಯೆಂದು ಬರೆಯುವಾಗ ನನ್ನ ಕೈ ತಡೆಯುತ್ತದೆ. 2002ರಲ್ಲಿ ಮೊದಲ ಬಾರಿಗೆ ಜೀನೋಮ್ ಓದಲಾದ ಜಿ.ಎಂ.ಐ. 1000 ಎಂಬ ತಳಿಯೂ ಇದೇ ಗುಂಪಿನದು. ಅದು ಪ್ರಕಟವಾದದ್ದು ಸೊಲನಾಸಿಯೇರಮ್ ಹೆಸರಿನಲ್ಲಿ, ಈಗ ಇರುವುದು ಹುಸಿಯ ಮನೆಯಲ್ಲಿ, ತಳಿಯ ಸಂಖ್ಯೆ ಮಾತ್ರ ಅಂದಿನದೇ. ಪ್ರಭೇದದ ಹೆಸರು ಬದಲಾದರೂ ಲೇಖನಗಳನ್ನು ಒಂದಕ್ಕೊಂದು ಹೊಂದಿಸಿ ಓದಲು ನಮಗೆ ಸಿಗುವ ಹಿಡಿ ಆ ಸಂಖ್ಯೆ.

ರೈತರ ಜಗಳವೂ ತಳಿಯ ಜೊತೆಗೇ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಸೊರಗು ರೋಗವನ್ನು ತಾಳಿಕೊಳ್ಳುವ ಅರ್ಕ ಆಭಾ, ಅರ್ಕ ಆಲೋಕ್, ಆಮೇಲೆ ಮೂರು ರೋಗಗಳನ್ನು ತಡೆಯುವ ಅರ್ಕ ರಕ್ಷಕ್ ಎಂಬ ಟೊಮೆಟೊಗಳನ್ನು ಕೊಟ್ಟಿತು. ಆ ಗಿಡವೂ ತಳಿ, ಅದು ಎದುರಿಸುವ ಜೀವಿಯೂ ತಳಿ. ಗಿಡದ ತಳಿ ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋತರೆ, ಕಾರಣ ಮಣ್ಣಿನ ತಳಿ ಬೇರೆ ಎಂಬುದಿರಬಹುದು. ‘ತಳಿಗೆ ತಳಿ ಹೊಂದಲಿಲ್ಲ’ ಎಂದರೆ ಕೃಷಿಕನಿಗೂ ಜೀವಾಣುತಜ್ಞನಿಗೂ ಒಂದೇ ಮಾತು ಸಾಕು. ಇಂಗ್ಲಿಷಿನಲ್ಲಿ ಈ ಎರಡಕ್ಕೆ ಎರಡು ಪದ ಬೇಕು, ನಡುವಣ ನಂಟು ಮರೆಯಾಗುತ್ತದೆ.

ಇನ್ನು ಉಳಿದದ್ದು ಪರಿಭಾಷೆಯ ಒಂದು ತೊಡಕು. ಹೆಸರನ್ನು ಹೊರುವ ಆ ತಳಿಗೆ ಕನ್ನಡದಲ್ಲಿ ಮಾದರಿ ತಳಿ ಎಂದು ಬರೆಯುವವರಿದ್ದಾರೆ. ಮಾದರಿ ಎಂದರೆ ಉಳಿದವು ಅದರಂತಿರಬೇಕು ಎಂಬ ಧ್ವನಿ ಬರುತ್ತದೆ. ಆದರೆ ಸಂಹಿತೆ ಹಾಗೆ ಹೇಳುವುದಿಲ್ಲ. ಆ ತಳಿ ತನ್ನ ಪ್ರಭೇದದ ಸಾಮಾನ್ಯ ಪ್ರತಿನಿಧಿಯಾಗಿರಬೇಕಾಗಿಲ್ಲ, ಹೆಸರಿಗೆ ಗೂಟವಾಗಿದ್ದರೆ ಸಾಕು. ನಾಮಧಾರಿ ಎನ್ನೋಣವೆಂದರೆ ಅದು ಹಣೆಯ ನಾಮಕ್ಕೂ ಹೆಸರಿಗಷ್ಟೇ ಇರುವವನಿಗೂ ಸಂದುಹೋದ ಪದ. ಕೆಂ ಮತ್ತು ತಳಿರ್ ಸೇರಿ ಕೆಂದಳಿರ್ ಆದ ಹಾದಿಯಲ್ಲೇ ಹೆಸರ್ ಮತ್ತು ತಳಿಯನ್ನು ಸೇರಿಸಿ ಹೆಸರ್ದಳಿ ಎಂದರೆ ಹೇಗೆ? ತಕಾರಕ್ಕೆ ದಕಾರ ಬರುವ ಆ ಸಂಧಿ ವೈಯಾಕರಣ ಕೇಶಿರಾಜನಿಗೂ ಒಪ್ಪಿಗೆಯಾಗುವಂಥದು, ಬಾಯಿಗೂ ಭಾರವಲ್ಲ.

ಆದರೆ ಹೆಸರ್ದಳಿಯಿಲ್ಲದವುಗಳ ಗತಿ? ಒಂದು ಗ್ರಾಂ ಮಣ್ಣಿನಲ್ಲಿ ನೂರು ಕೋಟಿಯಷ್ಟು ಬ್ಯಾಕ್ಟೀರಿಯಾಗಳಿರಬಲ್ಲವು, ಅವುಗಳಲ್ಲಿ ತಟ್ಟೆಯ ಮೇಲೆ ತಳಿರುವವು ನೂರಕ್ಕೊಂದರ ಆಸುಪಾಸು. ಉಳಿದವುಗಳ ಡಿ.ಎನ್.ಎ. ಮಾತ್ರ ಸಿಗುತ್ತದೆ, ಜೀವಂತ ತಳಿ ಸಿಗುವುದಿಲ್ಲ. ಇಂಥವನ್ನು 1990ರ ದಶಕದಿಂದ ‘ಕ್ಯಾಂಡಿಡೇಟಸ್’ ಎಂಬ ಮುಂಪದ ಕೊಟ್ಟು ಹೊಸಲಿನಲ್ಲಿ ನಿಲ್ಲಿಸಿದ್ದಾರೆ. ರೋಮಿನಲ್ಲಿ ಅಧಿಕಾರ ಬಯಸಿದವರು ಉಡುತ್ತಿದ್ದ ಬಿಳಿ ಬಟ್ಟೆಯಿಂದ ಬಂದ ಪದ ಅದು, ನಮ್ಮ ಉಮೇದುವಾರ. ಕೊಡಗಿನ ಕಿತ್ತಳೆಯನ್ನೂ ಕಾಡಿದ ಹಸಿರು ರೋಗದ ಜೀವಿ ಹೀಗೆ ದಶಕಗಳಿಂದ ಉಮೇದುವಾರನಾಗಿಯೇ ಉಳಿದಿದೆ. 2022ರಲ್ಲಿ ಸೀಕ್‌ಕೋಡ್ ಎಂಬ ಇನ್ನೊಂದು ಸಂಹಿತೆ ಬಂತು. ಅದರ ಪ್ರಕಾರ ತಳಿ ಬೇಡ, ಜೀನೋಮಿನ ಅನುಕ್ರಮವೇ ಹೆಸರಿಗೆ ಆಧಾರವಾಗಬಹುದು. ಮಣ್ಣಿನೊಳಗಿನ ಬಹುಪಾಲಿಗೆ ಹೆಸರು ದೊರೆಯಲು ಬೇರೆ ದಾರಿಯಿಲ್ಲವೆಂದು ನಾನೂ ಒಪ್ಪುತ್ತೇನೆ. ಪದದ ಕಡೆಯಿಂದ ಒಂದು ಬಿನ್ನಹ ಮಾತ್ರ ಇದೆ. ಅನುಕ್ರಮವನ್ನು ಹೆಸರ್ದಳಿ ಎಂದು ಕರೆಯುವುದು ಬೇಡ. ತಳಿದರೆ ತಳಿರದ್ದು ತಳಿಯಲ್ಲ. ಅದಕ್ಕೆ ನಾಮಾಧಾರ ಎಂಬ ಸಂಸ್ಕೃತ ರೂಪವೇ ಸಾಕು. ಹೆಸರ್ದಳಿಯನ್ನು, ಟಮಕದ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ರೈತರಿಗೆ ಮಣ್ಣಿನ ಅಣುಜೀವಿಗಳ ಬಗ್ಗೆ ಹೇಳುವವರು ಮೊದಲು ಬಳಸಿ ನೋಡಲಿ. ‘ಹೆಸರು ಹೊತ್ತ ತಳಿ’ ಎಂದು ಬಿಡಿಸಿ ಹೇಳಬೇಕಾದೀತೇ, ಹೇಳದೆಯೇ ತಿಳಿದೀತೇ ಎಂಬುದು ಅಲ್ಲಿ ಗೊತ್ತಾಗುತ್ತದೆ.